64 ಎಂಬಿಯ ಎರಡು ಗೋಡೆಗಳು

ಪೆಂಟಿಯಂ ಕಾಲದ ಕಂಪ್ಯೂಟರ್‌ಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಅದಕ್ಕೆ 64 ಎಂಬಿಗಿಂತ ಜಾಸ್ತಿ ಮೆಮೊರಿ ಹಾಕಬಾರದು." ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. "ಅದಕ್ಕಿಂತ ಹೆಚ್ಚು ಬಯೋಸ್‌ಗೆ ಹೇಳೋಕೆ ಬರಲ್ಲ" ಅನ್ನುತ್ತಾರೆ ಕೆಲವರು. "ಕ್ಯಾಶ್ ಅಲ್ಲಿಗೆ ನಿಲ್ಲುತ್ತೆ" ಅನ್ನುತ್ತಾರೆ ಉಳಿದವರು. (ಬಯೋಸ್ ಅಂದರೆ ಮಷಿನ್ ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡ್ ಮೇಲೇ ಇರುವ ಪ್ರೋಗ್ರಾಂ. ಕ್ಯಾಶ್ ಅಂದರೆ ಪದೇ ಪದೇ ಬೇಕಾಗುವುದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಸಣ್ಣ, ಚುರುಕು ಮೆಮೊರಿ.) ತಮಾಷೆ ಏನೆಂದರೆ ಇಬ್ಬರದೂ ನಿಜ. ಆ ಮಷಿನ್‌ಗಳಲ್ಲಿ 64 ಎಂಬಿ ಹತ್ತಿರ ಎರಡು ಬೇರೆ ಬೇರೆ ಗೋಡೆಗಳಿದ್ದವು. ಒಂದನ್ನು ಕಟ್ಟಿದವರಿಗೆ ಇನ್ನೊಂದರ ಸುದ್ದಿಯೇ ಗೊತ್ತಿರಲಿಲ್ಲ. ಎರಡೂ ಒಂದೇ ಜಾಗದಲ್ಲಿ ಎದ್ದದ್ದು ಬರೀ ಲೆಕ್ಕದ ಆಕಸ್ಮಿಕ.

ಇದನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತಿರುವ ಒಂದು ಪೆಂಟಿಯಂ ಎಂಎಂಎಕ್ಸ್ 200. ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ವ್ಯವಹಾರ ನೋಡಿಕೊಳ್ಳುವ ಚಿಪ್‌ಗಳು), ಬೋರ್ಡ್ ಮೇಲೆ 512 ಕೆಬಿ ಕ್ಯಾಶ್, ಡಿಮ್ ಅನ್ನುವ ಮೆಮೊರಿ ಪಟ್ಟಿ ಹಾಕಲು ಎರಡು ಸ್ಲಾಟ್. ಹಿಂದೆ ಹುಬ್ಬಳ್ಳಿಯಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಾಗ ಇಂಥದ್ದೇ ಮಷಿನ್ ಮುಂದೆ ಕೂತು ಲಗ್ನಪತ್ರಿಕೆ ಮಾಡಿದವಳು ನಾನು. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೇ ಸಾಮಾನಿನ ರಾಶಿಯೊಳಗೆ ಈ ಬೋರ್ಡ್ ಕಂಡಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. "ಇನ್ನೊಂದು ಬಂತಾ?" ಅಂತ ಮನೆಯವರು ಕೇಳಿದರು. ಹೌದು, ಬಂತು.

ಮೊದಲು ಒಂದು ಮೂಲ ಪ್ರಶ್ನೆ. ತನ್ನ ಹೊಟ್ಟೆಯಲ್ಲಿ ಎಷ್ಟು ಮೆಮೊರಿ ಇದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದು ಹೇಗೆ?

ಶುರುವಿನಲ್ಲಿ ಗೊತ್ತಾಗುತ್ತಲೇ ಇರಲಿಲ್ಲ. ನಾವೇ ಹೇಳಬೇಕಿತ್ತು. 1981ರ ಐಬಿಎಂ ಪಿಸಿಯ ಬೋರ್ಡ್ ಮೇಲೆ ಪುಟ್ಟ ಪುಟ್ಟ ಸ್ವಿಚ್‌ಗಳ ಎರಡು ಸಾಲು ಇದ್ದವು. ಮೆಮೊರಿ ಚಿಪ್ ಹಾಕಿದವರು ಪೆನ್ನಿನ ತುದಿಯಿಂದ ಆ ಸ್ವಿಚ್‌ಗಳನ್ನೂ ಸರಿಮಾಡಬೇಕು. ಇರುವುದಕ್ಕಿಂತ ಕಡಿಮೆ ಹೇಳಿದರೆ ಉಳಿದ ಮೆಮೊರಿ ಇದ್ದೂ ಇಲ್ಲದ ಹಾಗೆ. ಜಾಸ್ತಿ ಹೇಳಿದರೆ ಪರೀಕ್ಷೆಯ ಹೊತ್ತಿಗೆ ಸಿಕ್ಕಿಬಿದ್ದು ತೆರೆಯ ಮೇಲೆ 201 ಅಂತ ಬರುತ್ತಿತ್ತು. ಅದು ಮೆಮೊರಿ ತಪ್ಪಿನ ಸಂಖ್ಯೆ. 1984ರಲ್ಲಿ ಬಂದ ಐಬಿಎಂ ಎಟಿಯಲ್ಲಿ ಸ್ವಿಚ್‌ಗಳ ಬದಲು ಬ್ಯಾಟರಿಯಿಂದ ನಡೆಯುವ, ಸಿಮೋಸ್ ಅನ್ನುವ ಪುಟ್ಟ ಮೆಮೊರಿ ಬಂತು. ಎಷ್ಟು ಮೆಮೊರಿ ಅನ್ನುವುದನ್ನು ಸೆಟಪ್‌ನಲ್ಲಿ ಬರೆದಿಟ್ಟರೆ ಆಯಿತು. ಮಷಿನ್ ಆನ್ ಆದಾಗ ಬಯೋಸ್ ತಾನೂ ಎಣಿಸಿ, ಸಿಮೋಸ್‌ನಲ್ಲಿರುವ ಸಂಖ್ಯೆಯ ಜೊತೆ ತಾಳೆ ನೋಡುತ್ತಿತ್ತು. ತಾಳೆಯಾಗದಿದ್ದರೆ 164.

ತಾನೇ ಎಣಿಸುವುದು ಅಂದೆನಲ್ಲ, ಅದು ಕೇಳಿದಷ್ಟು ಸುಲಭ ಅಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗವೂ ಇದೇ. ಒಂದು ವಿಳಾಸಕ್ಕೆ ಏನಾದರೂ ಬರೆ, ಮತ್ತೆ ಓದು, ಅದೇ ಬಂದರೆ ಅಲ್ಲಿ ಮೆಮೊರಿ ಇದೆ. ಇಷ್ಟೇ ಉಪಾಯ. ಆದರೆ ಇಷ್ಟೇ ಮಾಡಿದರೆ ಕಂಪ್ಯೂಟರ್ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತದೆ. ಅದೂ ಮೂರು ರೀತಿಯಲ್ಲಿ.

ಮೊದಲನೆಯದು, ತಂತಿಗಳ ನೆನಪು. ಖಾಲಿ ವಿಳಾಸಕ್ಕೆ ಒಂದು ಸಂಖ್ಯೆ ಬರೆದರೆ ಆ ವೋಲ್ಟೇಜ್ ಬಸ್ಸಿನ, ಅಂದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿಯ, ತಂತಿಗಳ ಮೇಲೆ ಒಂದು ಕ್ಷಣ ಹಾಗೇ ಉಳಿದಿರುತ್ತದೆ. ತಕ್ಷಣ ಓದಿದರೆ ಅದೇ ಸಂಖ್ಯೆ ವಾಪಸ್ ಬರಬಹುದು. ಅಲ್ಲಿ ಚಿಪ್ಪೇ ಇರುವುದಿಲ್ಲ! ಅದಕ್ಕೇ ನಡುವೆ ಬೇರೆ ಕಡೆ ಬೇರೊಂದು ಸಂಖ್ಯೆ ಬರೆದು, ತಂತಿಯ ನೆನಪು ಅಳಿಸಿ, ಆಮೇಲೆ ಓದಬೇಕು.

ಎರಡನೆಯದು, ಪ್ರತಿಬಿಂಬ. 4 ಎಂಬಿಯ ಸಿಮ್ ಹಾಕಿದ್ದೀರಿ (ಫೋನಿನದಲ್ಲ, ಆ ಕಾಲದ ಮೆಮೊರಿ ಪಟ್ಟಿ). ಚಿಪ್‌ಸೆಟ್ ಅಲ್ಲಿ 16 ಎಂಬಿ ಇದೆ ಅಂತ ಅಂದುಕೊಂಡು ವಿಳಾಸ ಕಳಿಸುತ್ತಿದೆ. ಮೇಲಿನ ಬಿಟ್‌ಗಳನ್ನು ಸಿಮ್ ನೋಡುವುದೇ ಇಲ್ಲ. ಹಾಗಾಗಿ ಅದೇ 4 ಎಂಬಿ ನಾಲ್ಕು ಸಲ ಕಾಣಿಸುತ್ತದೆ. ಬರೆದದ್ದೆಲ್ಲ ಸರಿಯಾಗಿಯೇ ವಾಪಸ್ ಬರುತ್ತದೆ. ಇದನ್ನು ಹಿಡಿಯಲು ಬಯೋಸ್ ಸೊನ್ನೆ ವಿಳಾಸದಲ್ಲಿ ಒಂದು ಗುರುತು ಹಾಕಿ, 4 ಎಂಬಿ ಮೇಲಿನ ವಿಳಾಸದಲ್ಲಿ ಇನ್ನೊಂದು ಬರೆದು, ಹಿಂದಕ್ಕೆ ಬಂದು ಮೊದಲಿನ ಗುರುತು ಹಾಳಾಗಿದೆಯಾ ಅಂತ ನೋಡುತ್ತದೆ. ಹಾಳಾಗಿದ್ದರೆ ಎರಡೂ ಒಂದೇ ಜಾಗ.

ಮೂರನೆಯದು, ಕ್ಯಾಶ್. ಕ್ಯಾಶ್ ಆನ್ ಇದ್ದಾಗ ಬರೆದು ಓದಿದರೆ ಉತ್ತರ ಕ್ಯಾಶ್‌ನಿಂದಲೇ ಬರಬಹುದು. ಮೆಮೊರಿ ಚಿಪ್‌ವರೆಗೆ ಪ್ರಶ್ನೆ ಹೋಗಿಯೇ ಇರುವುದಿಲ್ಲ. ಇಲ್ಲದ ಮೆಮೊರಿಯೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದಕ್ಕೆ ಎಣಿಸುವಾಗ ಕ್ಯಾಶ್ ಮುಚ್ಚಿರಬೇಕು.

ಪೆಂಟಿಯಂ ಬೋರ್ಡ್‌ಗಳಲ್ಲಿ ಬಯೋಸ್ ಈ ರೀತಿ ಮೆಮೊರಿ ಪಟ್ಟಿಗಳ ಪ್ರತಿ ಸಾಲನ್ನೂ ಅಳೆದು, ಯಾವ ಸಾಲು ಯಾವ ವಿಳಾಸಕ್ಕೆ ಮುಗಿಯುತ್ತದೆ ಅನ್ನುವುದನ್ನು ಚಿಪ್‌ಸೆಟ್‌ನ ರಿಜಿಸ್ಟರ್‌ಗಳಲ್ಲಿ (ಚಿಪ್ಪಿನೊಳಗೆ ಸಂಖ್ಯೆ ಇಡುವ ಪುಟ್ಟ ಮನೆಗಳಲ್ಲಿ) ಬರೆದಿಡುತ್ತಿತ್ತು. 72 ಪಿನ್ನಿನ ಸಿಮ್‌ಗಳನ್ನು ಜೋಡಿಯಾಗಿ ಹಾಕಬೇಕಿತ್ತು. ಪೆಂಟಿಯಂನ ಬಸ್ 64 ಬಿಟ್, ಸಿಮ್‌ನದು 32. 168 ಪಿನ್ನಿನ ಡಿಮ್ ಬಂದ ಮೇಲೆ ಆ ಜೋಡಿಯ ತಾಪತ್ರಯ ತಪ್ಪಿತು. ಜೊತೆಗೆ ಡಿಮ್ ಮೇಲೆ ಒಂದು ಪುಟಾಣಿ ಎಂಟು ಕಾಲಿನ ಚಿಪ್ ಬಂತು. ಅದರ ಹೆಸರು ಎಸ್‌ಪಿಡಿ. ಈ ಡಿಮ್‌ನಲ್ಲಿ ಎಷ್ಟು ಸಾಲು, ಎಷ್ಟು ಕಾಲಂ, ಎಷ್ಟು ವೇಗ ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಬಯೋಸ್ ಎರಡು ತಂತಿಗಳ ಒಂದು ಸಣ್ಣ ಬಸ್ಸಿನ ಮೂಲಕ ಅದನ್ನು ಓದುತ್ತದೆ. ಇವತ್ತಿನ ಡಿಡಿಆರ್5 ಕೂಡ ಇದೇ ವಂಶದ್ದು.

ಎಸ್‌ಪಿಡಿ ಸತ್ಯ ಹೇಳಿದ ಮಾತ್ರಕ್ಕೆ ಚಿಪ್‌ಸೆಟ್‌ಗೆ ಅದು ಅರ್ಥವಾಗಬೇಕು ಅಂತೇನಿಲ್ಲ. 440ಬಿಎಕ್ಸ್ ಅನ್ನುವ ಇನ್ನೊಂದು ಚಿಪ್‌ಸೆಟ್ ಇರುವ ಬೋರ್ಡ್‌ಗೆ ಎಂಟು ಚಿಪ್ಪಿನ 256 ಎಂಬಿ ಡಿಮ್ ಹಾಕಿ ನೋಡಿ. 128 ಅಂತಲೇ ತೋರಿಸುತ್ತದೆ. ಎಂಟು ಚಿಪ್ಪಿನಲ್ಲಿ 256 ಎಂಬಿ ಅಂದರೆ ಒಂದೊಂದು ಚಿಪ್ಪೂ 256 ಮೆಗಾಬಿಟ್. ಆ ಚಿಪ್‌ಸೆಟ್‌ಗೆ 128 ಮೆಗಾಬಿಟ್‌ವರೆಗಿನ ಚಿಪ್ ಮಾತ್ರ ಗೊತ್ತು. ಅದೇ 256 ಎಂಬಿ ಹದಿನಾರು ಚಿಪ್ಪಿನಲ್ಲಿ ಬಂದರೆ ಪೂರ್ತಿ ಕಾಣಿಸುತ್ತದೆ. ಎಸ್‌ಪಿ ರೋಡ್‌ನಲ್ಲಿ ಹಳೇ ಮೆಮೊರಿ ಕೊಳ್ಳುವಾಗ ನಾನು ಲೇಬಲ್‌ಗಿಂತ ಮೊದಲು ಚಿಪ್ ಎಣಿಸುವುದು ಇದಕ್ಕೇ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಈಗ ಮೊದಲ ಗೋಡೆಗೆ ಬರೋಣ.

ಬಯೋಸ್‌ಗೆ ಎಷ್ಟಿದೆ ಅಂತ ಗೊತ್ತಾಯಿತು. ಅದನ್ನು ಆಪರೇಟಿಂಗ್ ಸಿಸ್ಟಂಗೆ ಹೇಳುವುದು ಹೇಗೆ? ಹಳೆಯ ಪಿಸಿಯಲ್ಲಿ ಇಂಟರಪ್ಟ್ 12 ಅಂತ, ಪ್ರೋಗ್ರಾಂಗಳು ಬಯೋಸನ್ನು ಕೇಳುವ ಒಂದು ಕರೆ ಇತ್ತು. ಅದು 640 ಕೆಬಿಯ ಒಳಗಿನ ಲೆಕ್ಕ ಮಾತ್ರ ಕೊಡುತ್ತಿತ್ತು. ಎಟಿ ಬಂದಾಗ 1 ಎಂಬಿ ಮೇಲಿನ ಮೆಮೊರಿಗೆ ಹೊಸ ಕರೆ ಬೇಕಾಯಿತು. ಅದು ಇಂಟರಪ್ಟ್ 15ರ 88ನೇ ಕೆಲಸ. ಕೇಳಿದರೆ ಪ್ರೊಸೆಸರ್‌ನ ಎಎಕ್ಸ್ ರಿಜಿಸ್ಟರ್‌ನಲ್ಲಿ ಒಂದು ಸಂಖ್ಯೆ ಬರುತ್ತದೆ, ಕೆಬಿ ಲೆಕ್ಕದಲ್ಲಿ. ಎಎಕ್ಸ್ 16 ಬಿಟ್‌ನದು. 16 ಬಿಟ್‌ನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 65535. ಅಂದರೆ ಹೆಚ್ಚುಕಡಿಮೆ 64 ಎಂಬಿ. ಸಿಮೋಸ್‌ನಲ್ಲಿ ಇದೇ ಸಂಖ್ಯೆಗೆ ಇಟ್ಟ ಜಾಗವೂ ಎರಡೇ ಬೈಟ್. ಅಲ್ಲೂ ಅದೇ ಮಿತಿ.

"ಇಷ್ಟೂ ಮುಂದಾಲೋಚನೆ ಇರಲಿಲ್ವಾ?" ಅಂತ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಟಿಯಲ್ಲಿದ್ದದ್ದು 286. ಅದಕ್ಕೆ ಇದ್ದದ್ದು 24 ವಿಳಾಸದ ತಂತಿ. ಆ ಪ್ರೊಸೆಸರ್ 16 ಎಂಬಿಗಿಂತ ಆಚೆ ಮುಟ್ಟಲೂ ಆಗುತ್ತಿರಲಿಲ್ಲ. ಪ್ರೊಸೆಸರ್ ಮುಟ್ಟುವುದರ ನಾಲ್ಕು ಪಟ್ಟು ಜಾಗ ಇಟ್ಟವರನ್ನು ಮುಂದಾಲೋಚನೆ ಇಲ್ಲದವರು ಅನ್ನುವುದು ಸರಿಯಲ್ಲ.

ತೊಂದರೆ ಆದದ್ದು ಹತ್ತು ಹನ್ನೆರಡು ವರ್ಷದ ಮೇಲೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 2.0 ಸರಣಿಯ ಮೊದಮೊದಲ ಕರ್ನಲ್‌ಗಳು (ಕರ್ನಲ್ ಅಂದರೆ ಅದರ ತಿರುಳು) ಬಯೋಸ್‌ಗೆ ಈ ಹಳೇ ಪ್ರಶ್ನೆಯನ್ನೇ ಕೇಳುತ್ತಿದ್ದವು. 128 ಎಂಬಿ ಹಾಕಿದರೂ 64 ಮಾತ್ರ ಕಾಣುತ್ತಿತ್ತು. ಲಿನಕ್ಸನ್ನು ಶುರುಮಾಡಿಕೊಡುವ ಲಿಲೋ ಪ್ರೋಗ್ರಾಂನ ಫೈಲಿನಲ್ಲಿ ಅಪೆಂಡ್ ಸಾಲು ಸೇರಿಸಿ "ಮೆಮ್=128ಎಂ" ಅಂತ ಕರ್ನಲ್‌ಗೆ ಕಿವಿಯಲ್ಲಿ ಹೇಳಬೇಕಿತ್ತು. ಸ್ವಿಚ್ ತಿರುಗಿಸುವ 1981ರ ಕಾಲಕ್ಕೇ ಮರಳಿದ ಹಾಗೆ. ಇದರಲ್ಲೂ ಎಚ್ಚರ ಬೇಕು. ಕೆಲವು ಬೋರ್ಡ್‌ಗಳು ಮೆಮೊರಿಯ ಮೇಲ್ತುದಿಯಲ್ಲಿ ಸ್ವಲ್ಪ ಜಾಗವನ್ನು ತಮ್ಮ ಕೆಲಸಕ್ಕೆ ಇಟ್ಟುಕೊಂಡಿರುತ್ತವೆ. ಪೂರ್ತಿ 128 ಅಂದುಬಿಟ್ಟರೆ ಕರ್ನಲ್ ಅಲ್ಲಿಗೂ ಕೈಹಾಕಿ ಮಷಿನ್ ಮಲಗಿಬಿಡುತ್ತದೆ. 127 ಅಂದರೆ ಕ್ಷೇಮ.

ಅವಾರ್ಡ್ ಬಯೋಸ್‌ನ ಸೆಟಪ್‌ನಲ್ಲಿ ಒಂದು ಸಾಲು ನಿಮಗೆ ನೆನಪಿರಬಹುದು. "ಓಎಸ್ ಸೆಲೆಕ್ಟ್ ಫಾರ್ ಡಿರ‍್ಯಾಮ್ > 64 ಎಂಬಿ". ಆಯ್ಕೆ ಎರಡೇ: ಓಎಸ್/2 (ಐಬಿಎಂನ ಆಪರೇಟಿಂಗ್ ಸಿಸ್ಟಂ), ಅಥವಾ ಓಎಸ್/2 ಅಲ್ಲ. ಓಎಸ್/2 ಬಳಸದವರೂ ಅದನ್ನು ವರ್ಷಗಟ್ಟಲೆ ನೋಡಿದ್ದೇವೆ. 64ರಿಂದಾಚೆಯ ಮೆಮೊರಿಯನ್ನು ಒಂದೊಂದು ಆಪರೇಟಿಂಗ್ ಸಿಸ್ಟಂ ಒಂದೊಂದು ರೀತಿಯಲ್ಲಿ ಕೇಳುತ್ತಿದ್ದ ಗೊಂದಲದ ಗುರುತು ಅದು.

ಆಮೇಲೆ ಇ801 ಅನ್ನುವ ಕರೆ ಬಂತು. ಅದು 16 ಎಂಬಿವರೆಗಿನದನ್ನು ಕೆಬಿಯಲ್ಲಿ ಹೇಳುತ್ತದೆ. ಅದಕ್ಕಿಂತ ಮೇಲಿನದನ್ನು 64 ಕೆಬಿಯ ತುಂಡುಗಳಲ್ಲಿ ಎಣಿಸುತ್ತದೆ. 16ಕ್ಕೇ ಯಾಕೆ ಕತ್ತರಿಸಿದರು? ಐಎಸ್‌ಎ ಅನ್ನುವ ಹಳೇ ಸ್ಲಾಟಿಗೆ ಹಾಕುವ ಕೆಲವು ಕಾರ್ಡ್‌ಗಳು 15ರಿಂದ 16 ಎಂಬಿವರೆಗಿನ ವಿಳಾಸವನ್ನು ತಮಗೆ ಬೇಕು ಅನ್ನುತ್ತಿದ್ದವು. ಆ ತೂತು ತೆರೆದರೆ ಮೆಮೊರಿ ಒಂದೇ ತುಂಡಾಗಿ ಉಳಿಯುವುದಿಲ್ಲ. "ಎಷ್ಟಿದೆ" ಅಂತ ಕೇಳುವುದೇ ಅರ್ಧ ಪ್ರಶ್ನೆ, "ಎಲ್ಲೆಲ್ಲಿದೆ" ಅಂತ ಕೇಳಬೇಕು. ಅದಕ್ಕೆ ಪೂರ್ತಿ ಉತ್ತರ ಕೊಟ್ಟದ್ದು ಇ820. ಒಂದೊಂದು ಸಲ ಕರೆದಾಗ ಒಂದೊಂದು ತುಂಡಿನ ವಿವರ: ಎಲ್ಲಿ ಶುರು, ಎಷ್ಟು ಉದ್ದ, ಯಾವ ಬಗೆ. ಬಗೆ 1 ಅಂದರೆ ಬಳಸಬಹುದು, 2 ಅಂದರೆ ಮುಟ್ಟಬೇಡ. ವಿಳಾಸಗಳೆಲ್ಲ 64 ಬಿಟ್‌ನವು. ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಡಿಮೆಸ್ಸೇಜ್ (dmesg) ಅನ್ನುವ ಆದೇಶ ಹೊಡೆದು ನೋಡಿ. ಶುರುವಿನಲ್ಲೇ "ಬಯೋಸ್-ಇ820" ಅಂತ ಸಾಲುಗಟ್ಟಲೆ ಬರುತ್ತದೆ. ಬಯೋಸ್ ಹೋಗಿ ಯುಇಎಫ್‌ಐ ಬಂದರೂ ಕರ್ನಲ್ ಆ ಹೆಸರು ಬಿಟ್ಟಿಲ್ಲ. ಹಳೆಯ ಬಯೋಸ್ ಸಿಕ್ಕಿದರೆ ಕರ್ನಲ್ ಮೊದಲು ಇ820 ಕೇಳುತ್ತದೆ, ಜೊತೆಗೆ ಇ801 ಮತ್ತು ಮುದುಕ 88ನ್ನೂ ಕೇಳುತ್ತದೆ. ಈ ಸಂಪ್ರದಾಯ ನನಗೆ ಬಹಳ ಇಷ್ಟ.

ನನ್ನ ಟಿಎಕ್ಸ್ ಬೋರ್ಡ್‌ಗೆ 128 ಎಂಬಿ ಹಾಕಿದ್ದೇನೆ. ಬಯೋಸ್ ಅಷ್ಟನ್ನೂ ಎಣಿಸುತ್ತದೆ. ಲಿನಕ್ಸ್ ಕೂಡ ಅಷ್ಟನ್ನೂ ನೋಡುತ್ತದೆ. ಅಂದರೆ ಮೊದಲ ಗೋಡೆ ದಾಟಿ ಆಯಿತು. ಆಗಲೇ ಎರಡನೆಯದು ತಲೆಗೆ ಹೊಡೆಯುವುದು.

ಎರಡನೆಯ ಗೋಡೆ ಇರುವುದು ಬೋರ್ಡ್ ಮೇಲಿನ ಎಲ್2, ಅಂದರೆ ಎರಡನೆಯ ಹಂತದ ಕ್ಯಾಶ್‌ನಲ್ಲಿ (ಮೊದಲ ಹಂತದ ಎಲ್1 ಇರುವುದು ಪ್ರೊಸೆಸರ್ ಒಳಗೇ). ಹೆಸರಿಗೆ ಸಣ್ಣ ಚಿಪ್, ಆದರೆ ಮಷಿನ್ ಓಡುವುದು ಅದರಿಂದ. 256 ಕೆಬಿಯ ಕ್ಯಾಶ್ ಅಂದರೆ 32 ಬೈಟ್‌ನ 8192 ಮನೆಗಳು. ಇದನ್ನು ಪರೀಕ್ಷೆಯ ಹಾಲ್ ಅಂದುಕೊಳ್ಳಿ. ಒಳಗೆ 8192 ಕುರ್ಚಿ. ನಿಮ್ಮ ರಿಜಿಸ್ಟರ್ ನಂಬರಿನ ಕೊನೆಯ ಅಂಕಿಗಳು ನಿಮ್ಮ ಕುರ್ಚಿ ಯಾವುದು ಅಂತ ಹೇಳುತ್ತವೆ. ಬೇರೆ ಬೇರೆ ತಾಲ್ಲೂಕಿನವರಿಗೂ ಅದೇ ಕೊನೆಯ ಅಂಕಿಗಳು ಇರಬಹುದು. ಅವರಿಗೂ ಅದೇ ಕುರ್ಚಿ. ಹೊಸಬರು ಬಂದರೆ ಕೂತವರು ಏಳಬೇಕು. ಸದ್ಯ ಯಾರು ಕೂತಿದ್ದಾರೆ ಅಂತ ತಿಳಿಯಲು ಪ್ರತಿ ಕುರ್ಚಿಗೂ ಒಂದು ಚೀಟಿ ಅಂಟಿಸಿ ಅದರ ಮೇಲೆ ತಾಲ್ಲೂಕಿನ ನಂಬರ್ ಬರೆದಿರುತ್ತಾರೆ. ಆ ಚೀಟಿಯೇ ಟ್ಯಾಗ್.

ಚೀಟಿಯಲ್ಲಿ ಜಾಗ ಇರುವುದು 8 ಬಿಟ್‌ಗೆ. ಅಂದರೆ 256 ತಾಲ್ಲೂಕು. ಒಂದೊಂದು ತಾಲ್ಲೂಕು 256 ಕೆಬಿ. ಗುಣಿಸಿದರೆ 64 ಎಂಬಿ. 257ನೇ ತಾಲ್ಲೂಕಿನವರನ್ನು ಒಳಗೆ ಬಿಟ್ಟರೆ ಚೀಟಿಯ ಮೇಲೆ ಅವರ ನಂಬರೂ ಮೊದಲ ತಾಲ್ಲೂಕಿನ ಹಾಗೇ ಕಾಣುತ್ತದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಹೋಗುತ್ತದೆ. ಅದು ಆಗಬಾರದು ಅಂತ ಚಿಪ್‌ಸೆಟ್ ಅಂಥವರನ್ನು ಬಾಗಿಲಲ್ಲೇ ತಡೆಯುತ್ತದೆ. 64 ಎಂಬಿ ಮೇಲಿನ ವಿಳಾಸಕ್ಕೆ ಎಲ್2 ಕ್ಯಾಶ್ ಇಲ್ಲವೇ ಇಲ್ಲ. ತಪ್ಪು ಸಂದೇಶ ಬರುವುದಿಲ್ಲ, ಎಚ್ಚರಿಕೆ ಬರುವುದಿಲ್ಲ. ನಿಧಾನ ಅಷ್ಟೇ.

ಗಮನಿಸಿ, ಮೊದಲ 64 ಬಂದದ್ದು 16 ಬಿಟ್ ಎಣಿಕೆಯನ್ನು ಕೆಬಿಯಿಂದ ಗುಣಿಸಿ. ಎರಡನೆಯ 64 ಬಂದದ್ದು 8 ಬಿಟ್ ಟ್ಯಾಗನ್ನು 256 ಕೆಬಿಯಿಂದ ಗುಣಿಸಿ. ದಾರಿ ಬೇರೆ, ಊರು ಒಂದೇ.

ಇಂಟೆಲ್ ಚಿಪ್‌ಸೆಟ್‌ಗಳಲ್ಲಿ 1995ರ 430ಎಫ್‌ಎಕ್ಸ್, ಅದರ ಮುಂದಿನ ವರ್ಷದ ವಿಎಕ್ಸ್, 1997ರ ಟಿಎಕ್ಸ್ ಮೂರೂ 64ಕ್ಕೇ ನಿಲ್ಲುತ್ತವೆ. ಟಿಎಕ್ಸ್ 256 ಎಂಬಿವರೆಗೆ ಮೆಮೊರಿ ತಗೊಳ್ಳುತ್ತದೆ ಅನ್ನುವುದು ಬೇರೆ ಮಾತು. ನನ್ನ ಬೋರ್ಡ್‌ನಲ್ಲಿ 512 ಕೆಬಿ ಕ್ಯಾಶ್ ಇದೆಯಲ್ಲ, 8 ಬಿಟ್‌ನಿಂದ ಗುಣಿಸಿದರೆ 128 ಆಗಬೇಕಲ್ವಾ ಅಂತ ನೀವು ಕೇಳಬಹುದು. ಕಾಗದದ ಮೇಲೆ ಆಗುತ್ತದೆ. ಟಿಎಕ್ಸ್ ಒಪ್ಪುವುದಿಲ್ಲ. ಕ್ಯಾಶ್ ಎಷ್ಟೇ ಇರಲಿ, ಅದಕ್ಕೆ ಗೆರೆ 64ಕ್ಕೇ. 1996ರ ಎಚ್‌ಎಕ್ಸ್ ಮಾತ್ರ ಬೇರೆ ಜಾತಿ. ಅದಕ್ಕೆ ಇನ್ನೊಂದು ಟ್ಯಾಗ್ ಚಿಪ್ ಸೇರಿಸಿ 11 ಬಿಟ್ ಮಾಡಿಕೊಂಡರೆ 512 ಎಂಬಿವರೆಗೂ ಕ್ಯಾಶ್ ಸಿಗುತ್ತದೆ. ಹಳೆಯದು ಹೊಸದಕ್ಕಿಂತ ಮೇಲು ಅಂತ ನಾನು ಸುಮ್ನೆ ಹೇಳುವವಳಲ್ಲ, ಆದರೆ ಈ ಒಂದು ವಿಷಯದಲ್ಲಿ ಹಳೆಯ ಎಚ್‌ಎಕ್ಸೇ ಮೇಲು.

ಪೆಂಟಿಯಂಗಿಂತ ಹಿಂದಿನ 486 ಪ್ರೊಸೆಸರ್ ಕಾಲದಲ್ಲಿ ಲೆಕ್ಕ ಇನ್ನೂ ಬಿಗಿ. ರೈಟ್‌ಬ್ಯಾಕ್ ಕ್ಯಾಶ್ (ಬರೆದದ್ದನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಮೆಮೊರಿಗೆ ಕಳಿಸುವ ಬಗೆ) ಬೇಕಾದರೆ "ಈ ಮನೆಯಲ್ಲಿರುವುದನ್ನು ಇನ್ನೂ ಮೆಮೊರಿಗೆ ಬರೆದಿಲ್ಲ" ಅನ್ನಲು ಒಂದು ಬಿಟ್ ಬೇಕು. ಪ್ರತ್ಯೇಕ ಚಿಪ್ ಇಲ್ಲದ ಬೋರ್ಡ್‌ಗಳು ಟ್ಯಾಗ್‌ನಿಂದಲೇ ಒಂದು ಬಿಟ್ ಕದಿಯುತ್ತಿದ್ದವು. ಉಳಿದದ್ದು 7. ಗೆರೆ 32 ಎಂಬಿಗೆ ಇಳಿಯಿತು. ಬಯೋಸ್‌ನಲ್ಲಿ 7 ಬಿಟ್ ಬೇಕಾ 8 ಬಿಟ್ ಬೇಕಾ ಅಂತ ಕೇಳುವ ಸಾಲು ಇರುತ್ತಿತ್ತು. ಅರ್ಥ ಗೊತ್ತಿದ್ದವರು ಎಷ್ಟು ಜನ ಇದ್ದರೋ.

ಇನ್ನೂ ಒಂದು ಕಿಲಾಡಿತನ ಆ ಕಾಲದಲ್ಲಿ ನಡೆದಿತ್ತು. ಕೆಲವು ಅಗ್ಗದ 486 ಬೋರ್ಡ್‌ಗಳಲ್ಲಿ ಕ್ಯಾಶ್ ಚಿಪ್‌ಗಳು ಸುಳ್ಳು. ಕಪ್ಪು ಪ್ಲಾಸ್ಟಿಕ್, ಅದಕ್ಕೆ ಕಾಲು, ಒಳಗೆ ಏನೂ ಇಲ್ಲ. ಕೆಲವದರ ಮೇಲೆ "ರೈಟ್ ಬ್ಯಾಕ್" ಅಂತ ಅಚ್ಚು ಬೇರೆ. ಬಯೋಸ್‌ಗೂ ಕ್ಯಾಶ್ ಇದೆ ಅಂತ ತೋರಿಸಲು ಕಲಿಸಿದ್ದರು. ಇದನ್ನು ಹಿಡಿಯುವ ದಾರಿ ಒಂದೇ, ವೇಗ ಅಳೆಯುವುದು. ಡಾಸ್‌ನಲ್ಲಿ ಕ್ಯಾಶ್‌ಚೆಕ್ ಅಂತ ಒಂದು ಪ್ರೋಗ್ರಾಂ ಇತ್ತು. 1 ಕೆಬಿ, 2 ಕೆಬಿ, 4 ಕೆಬಿ ಹೀಗೆ ದೊಡ್ಡದಾಗುತ್ತಾ ಹೋಗುವ ತುಂಡುಗಳನ್ನು ಓದಿ ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುತ್ತದೆ. ಎಲ್1 ಮುಗಿದಾಗ ಒಂದು ಮೆಟ್ಟಿಲು, ಎಲ್2 ಮುಗಿದಾಗ ಇನ್ನೊಂದು ಮೆಟ್ಟಿಲು. ಸುಳ್ಳು ಚಿಪ್ಪಿನ ಬೋರ್ಡ್‌ನಲ್ಲಿ ಎರಡನೆಯ ಮೆಟ್ಟಿಲೇ ಇರುವುದಿಲ್ಲ. ತೆರೆಯ ಮೇಲಿನ ಮಾತು ನಂಬಬೇಡಿ, ಗಡಿಯಾರ ನಂಬಿ.

ಹುಬ್ಬಳ್ಳಿಯ ಕತೆ ಹೇಳುತ್ತೇನೆ. ನಮ್ಮ ಡಿಟಿಪಿ ಸೆಂಟರ್‌ನಲ್ಲಿ ವಿಂಡೋಸ್ 98, ಪುಟ ಜೋಡಿಸಲು ಪೇಜ್‌ಮೇಕರ್. ಮದುವೆ ಸೀಸನ್ ಮುಗಿದು ಒಂದು ಸಂಘದ ಸ್ಮರಣ ಸಂಚಿಕೆಯ ಕೆಲಸ ಬಂದಿತ್ತು. ಪುಟ ತುಂಬಾ ಫೋಟೋ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಹಾರ್ಡ್‌ಡಿಸ್ಕ್ ಕರಕರ ಅನ್ನುತ್ತಿತ್ತು. ಮಾಲೀಕರು ಮನಸ್ಸು ಗಟ್ಟಿ ಮಾಡಿ ಮೆಮೊರಿ ಹಾಕಿಸಿದರು. ಆಗ ಅದು ಸಣ್ಣ ಖರ್ಚಲ್ಲ. ಎರಡು ಮಷಿನ್‌ಗೂ 128 ಆಯಿತು.

ಫೋಟೋ ಇರುವ ಪುಟಗಳು ಬೇಗ ಬಂದವು, ನಿಜ. ಆದರೆ ಉಳಿದದ್ದೆಲ್ಲ ಮಂಕಾಯಿತು. ಮೆನು ತೆರೆಯುವುದು, ಅಕ್ಷರ ಮೂಡುವುದು, ವಿಂಡೋಸ್ ಶುರುವಾಗುವುದು ಎಲ್ಲದರಲ್ಲೂ ಒಂದು ಎಳೆತ. ಮಾಲೀಕರು ಮೆಮೊರಿ ಹಾಕಿದ ಹುಡುಗನನ್ನು ಕರೆಸಿದರು. "ಮೆಮೊರಿ ಹೆಚ್ಚಿಗಿ ಹಾಕಿದ್ರ ಮಷಿನ್ ಜೋರ್ ಓಡಬೇಕಲ್ರೀ? ಇದ್ಯಾಕ ಕುಂಟಾಕ ಹತ್ತೈತಿ?" ಅವನು ವೈರಸ್ ಅಂದ. ಫಾರ್ಮ್ಯಾಟ್ ಮಾಡಿದ. ಆಮೇಲೆ ಮೆಮೊರಿಯೇ ಕೆಟ್ಟಿದೆ ಅಂದು ಬೇರೆ ತಂದು ಹಾಕಿದ. ಏನೂ ಬದಲಾಗಲಿಲ್ಲ. ಕೊನೆಗೆ "ನಿಮಗ ಹಂಗ ಅನಸ್ತೈತಿ, ಅಕ್ಕಾರ" ಅಂತ ನನಗೇ ಹೇಳಿ ಹೋದ.

ಹಾಗೆ ಅನ್ನಿಸಿದ್ದಲ್ಲ. ಬೋರ್ಡ್ 64ಕ್ಕೆ ನಿಲ್ಲುವ ಜಾತಿಯದ್ದು. ವಿಂಡೋಸ್ 98 ಮೆಮೊರಿಯನ್ನು ಮೇಲಿನ ವಿಳಾಸದಿಂದ ಕೆಳಕ್ಕೆ ತುಂಬಿಕೊಂಡು ಬರುತ್ತದೆ ಅಂತ ಆಗಿನ ಹಾರ್ಡ್‌ವೇರ್ ಮಂದಿ ಹೇಳುತ್ತಿದ್ದರು. ಹಾಗಿದ್ದರೆ ದಿನವಿಡೀ ಬಳಸುವ ಭಾಗವೇ ಕ್ಯಾಶ್ ಇಲ್ಲದ ಜಾಗದಲ್ಲಿ ಹೋಗಿ ಕೂತಂತಾಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರು ಹೇಳಿಕೊಡಬೇಕಿತ್ತು? ಕಂಪ್ಯೂಟರ್ ಆನ್ ಮಾಡಿದಾಗ 131072 ಕೆಬಿ ಓಕೆ ಅಂತ ಅಷ್ಟು ದೊಡ್ಡದಾಗಿ ಬರುತ್ತಿತ್ತು.

ವಿಂಡೋಸ್ 98ಗೆ ಅದರದೇ ಆದ ಇನ್ನೊಂದು ಗೋಡೆಯೂ ಇತ್ತು, 512 ಎಂಬಿ ಹತ್ತಿರ. ಅದು ಬೇರೆ ಕತೆ. ಡಿಸ್ಕ್ ಕ್ಯಾಶ್ ನೋಡಿಕೊಳ್ಳುವ ವಿಕ್ಯಾಶ್, ಮೆಮೊರಿ ತುಂಬಾ ಇದ್ದರೆ ತನ್ನ ಗಾತ್ರವನ್ನೂ ಹಿಗ್ಗಿಸಿಕೊಂಡು, ಸಿಸ್ಟಂಗೆ ಮೀಸಲಾದ ವಿಳಾಸಗಳನ್ನೆಲ್ಲ ನುಂಗಿಬಿಡುತ್ತಿತ್ತು. ಆಗ ಬರುವ ಸಂದೇಶ "ಮೆಮೊರಿ ಸಾಲದು". ಮೆಮೊರಿ ಜಾಸ್ತಿಯಾಗಿ ಮೆಮೊರಿ ಸಾಲದು! ಸಿಸ್ಟಂ.ಐಎನ್‌ಐ ಫೈಲಿನಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಅಂತ ಒಂದು ಮಿತಿ ಬರೆದರೆ ಸರಿಹೋಗುತ್ತದೆ.

ಡಾಸ್ 6.22 ಬಳಸುವವರಿಗೆ ಕ್ಯಾಶ್‌ನ ಗೋಡೆ ತಟ್ಟುವುದೇ ಇಲ್ಲ. ಯಾಕೆಂದರೆ ಅದರಲ್ಲಿ ಮೇಲಿನ ಮೆಮೊರಿ ನೋಡಿಕೊಳ್ಳುವ ಹೈಮೆಮ್ 64 ಎಂಬಿಗಿಂತ ಮೇಲೆ ನೋಡುವುದಿಲ್ಲ. ಹಳೇ ಆಟ ಆಡುವವರು 128 ಹಾಕಿಯೂ ಏನೂ ತೊಂದರೆ ಇಲ್ಲ ಅನ್ನುವುದು ಇದಕ್ಕೇ. ಮೊದಲ ಗೋಡೆಯೇ ಅವರನ್ನು ಎರಡನೆಯದರಿಂದ ಕಾಪಾಡಿದೆ. ಇ820 ಬಂದು ಮೊದಲನೆಯದನ್ನು ಕೆಡವಿದ ಮೇಲೆ ಜನರಿಗೆ ಎರಡನೆಯದು ಕಂಡದ್ದು.

ನನ್ನ ಮಷಿನ್‌ನಲ್ಲಿ ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಕರ್ನಲ್ ಕಂಪೈಲ್ ಮಾಡುವುದಕ್ಕಿಂತ, ಅಂದರೆ ಮೂಲ ಬರಹದಿಂದ ಅದನ್ನು ಹೊಸದಾಗಿ ಕಟ್ಟುವುದಕ್ಕಿಂತ, ಒಳ್ಳೆಯ ಪರೀಕ್ಷೆ ಇಲ್ಲ. ಒಮ್ಮೆ ಪೂರ್ತಿ 128 ಕೊಟ್ಟು, ಒಮ್ಮೆ "ಮೆಮ್=64ಎಂ" ಅಂತ ಬೇಕಂತಲೇ ಅರ್ಧ ಮುಚ್ಚಿಟ್ಟು ಬೂಟ್ ಮಾಡಿದೆ. ಅರ್ಧ ಮೆಮೊರಿಯ ಮಷಿನ್ ಎದ್ದು ಕಾಣುವಷ್ಟು ಬೇಗ ಮುಗಿಸಿತು. ಇನ್ನೂ ಒಂದು ವಿಷಯ ಗಮನಕ್ಕೆ ಬಂತು. 128ರಲ್ಲಿ ಓಡಿಸಿದಾಗ ಪ್ರತಿ ಸಲವೂ ಸಮಯ ಬೇರೆ ಬೇರೆ. ಲಿನಕ್ಸ್‌ಗೆ ಈ ಗೆರೆ ಇರುವುದೇ ಗೊತ್ತಿಲ್ಲ. ಖಾಲಿ ಇರುವ ಪುಟ ಕೊಡುತ್ತಾ ಹೋಗುತ್ತದೆ. ಬಿಸಿಬಿಸಿ ಕೆಲಸ ಗೆರೆಯ ಈಚೆ ಬಿದ್ದರೆ ಅದೃಷ್ಟ, ಆಚೆ ಬಿದ್ದರೆ ಇಲ್ಲ. ಇ820 ಪಟ್ಟಿಯಲ್ಲಿ "ಬಳಸಬಹುದು" ಅನ್ನಲು ಜಾಗ ಇದೆ, "ಬಳಸಬಹುದು ಆದರೆ ನಿಧಾನ" ಅನ್ನಲು ಜಾಗ ಇಲ್ಲ.

ಹಾಗಂತ ಮೇಲಿನ 64ನ್ನು ಕಿತ್ತು ಡ್ರಾಯರ್‌ನಲ್ಲಿ ಇಡಬೇಕಾಗಿಲ್ಲ. ಕರ್ನಲ್‌ನಲ್ಲಿ ಎಸ್ಎಲ್‌ರ‍್ಯಾಮ್ ಅಂತ ಒಂದು ಡ್ರೈವರ್ ಇದೆ. ಪ್ರೊಸೆಸರ್‌ಗೆ ಕ್ಯಾಶ್ ಮಾಡಲಾಗದ ಮೆಮೊರಿಯನ್ನು ಒಂದು ಡಿಸ್ಕ್‌ನ ಹಾಗೆ ತೋರಿಸುವುದೇ ಅದರ ಕೆಲಸ. "ಮೆಮ್=64ಎಂ" ಅಂತ ಕೆಳಗಿನ ಅರ್ಧವನ್ನು ಕರ್ನಲ್‌ಗೆ ಕೊಟ್ಟೆ. ಮೇಲಿನ ಅರ್ಧವನ್ನು ಈ ಡ್ರೈವರ್‌ಗೆ ಒಪ್ಪಿಸಿ, ಅದರ ಮೇಲೆ ಸ್ವಾಪ್ ಮಾಡಿದೆ. ಮೆಮೊರಿ ತುಂಬಿದಾಗ ಹೊರಗೆ ಹೋಗುವ ಪುಟಗಳು ಈಗ ಹಾರ್ಡ್‌ಡಿಸ್ಕ್‌ಗೆ ಹೋಗುವ ಬದಲು ನಿಧಾನದ ಮೆಮೊರಿಗೆ ಹೋಗುತ್ತವೆ. ನಿಧಾನ ಅಂದರೂ ಅದು ಆ ಕಾಲದ ಐಡಿಇ ಡಿಸ್ಕ್‌ಗಿಂತ ಎಷ್ಟೋ ಪಾಲು ಚುರುಕು. ಹುಬ್ಬಳ್ಳಿಯ ಮಷಿನ್‌ನಲ್ಲಿ ವಿಂಡೋಸ್ ಬದಲು ಇದಿದ್ದಿದ್ದರೆ ಸ್ಮರಣ ಸಂಚಿಕೆ ಬೇಗ ಮುಗಿಯುತ್ತಿತ್ತು. ಪೇಜ್‌ಮೇಕರ್ ಇಲ್ಲದೆ ಹೇಗೆ ಮುಗಿಯುತ್ತಿತ್ತು ಅಂತ ಕೇಳಬೇಡಿ.

ಎಲ್2 ಕ್ಯಾಶ್ ಬೋರ್ಡ್ ಬಿಟ್ಟು ಪ್ರೊಸೆಸರ್ ಕಡೆ ಹೋದ ಮೇಲೆ ಈ ತಲೆನೋವು ಕಡಿಮೆಯಾಯಿತು. ಮೊದಲ ಪೆಂಟಿಯಂ 2ಗಳು 512 ಎಂಬಿವರೆಗೆ ಕ್ಯಾಶ್ ಮಾಡುತ್ತಿದ್ದವು, ಆಮೇಲಿನವು 4 ಜಿಬಿವರೆಗೆ. 1999ರಲ್ಲಿ ಬಂದ ಎಎಂಡಿಯ ಕೆ6-3 ಪ್ರೊಸೆಸರ್ ತನ್ನ ಒಳಗೇ 256 ಕೆಬಿ ಎಲ್2 ಇಟ್ಟುಕೊಂಡಿತ್ತು. ಅದನ್ನು ಹಾಕಿದರೆ ಬೋರ್ಡ್ ಮೇಲಿನ ಕ್ಯಾಶ್ ಎಲ್3 ಆಗುತ್ತದೆ, ಅದರ ಗೆರೆ ಅಷ್ಟಾಗಿ ಕಾಡುವುದಿಲ್ಲ.

ಕಡಿಮೆಯಾಯಿತು ಅಂದೆ, ಹೋಯಿತು ಅನ್ನಲಿಲ್ಲ. ಪೆಂಟಿಯಂ ಪ್ರೊ ಜೊತೆ ಎಂಟಿಆರ್‌ಆರ್ ಅನ್ನುವ ರಿಜಿಸ್ಟರ್‌ಗಳು ಬಂದವು. ಯಾವ ವಿಳಾಸವನ್ನು ಕ್ಯಾಶ್ ಮಾಡಬೇಕು, ಯಾವುದನ್ನು ಮಾಡಬಾರದು ಅಂತ ಬಯೋಸ್ ಅವುಗಳಲ್ಲಿ ಬರೆಯುತ್ತದೆ. 4 ಜಿಬಿ ಮೆಮೊರಿ ಸಾಮಾನ್ಯವಾದ ಕಾಲದಲ್ಲಿ ಕೆಲವು ಬಯೋಸ್‌ಗಳು ಮೇಲಿನ ಒಂದು ತುಂಡನ್ನು ಬರೆಯಲು ಮರೆತವು. ಮತ್ತೆ ಅದೇ ಹಳೇ ಕತೆ: ಮೆಮೊರಿ ಎಣಿಕೆಗೆ ಬರುತ್ತದೆ, ಕ್ಯಾಶ್ ಇಲ್ಲ, ಮಷಿನ್ ಆಮೆ. ಆದರೆ ಈ ಸಲ ಲಿನಕ್ಸ್ ಕಣ್ಣು ಮುಚ್ಚಿ ಕೂರಲಿಲ್ಲ. ಇ820 ಪಟ್ಟಿಯನ್ನೂ ಎಂಟಿಆರ್‌ಆರ್ ಅನ್ನೂ ತಾಳೆ ನೋಡಿ, ಎಂಟಿಆರ್‌ಆರ್‌ಗಳು ಎಲ್ಲ ಮೆಮೊರಿಯನ್ನೂ ಒಳಗೊಂಡಿಲ್ಲ, ಇದು ಬಯೋಸ್‌ನ ದೋಷ, ಇಷ್ಟು ಎಂಬಿ ಕಳೆದುಕೊಳ್ಳುತ್ತಿದ್ದೇನೆ ಅಂತ ಎಚ್ಚರಿಕೆ ಬರೆದು, ಆ ತುಂಡನ್ನು ಬಿಟ್ಟೇಬಿಡುತ್ತದೆ. ನಿಧಾನದ ಮೆಮೊರಿ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ ಅನ್ನುವ ತೀರ್ಮಾನ. ನಾನು "ಮೆಮ್=64ಎಂ" ಅಂತ ಕೈಯಾರೆ ಮಾಡಿದ್ದನ್ನೇ ಅದು ತಾನಾಗಿ ಮಾಡುತ್ತದೆ.

ಹಳೇ ಸಾಕೆಟ್ 7 (ಇಂಥ ಪೆಂಟಿಯಂ ಕೂರುವ ಬಗೆಯ) ಬೋರ್ಡ್ ಹುಡುಕುತ್ತಿರುವವರಿಗೆ ಒಂದು ಮಾತು. ವಿಂಡೋಸ್ 98 ಹಾಕುವ ಯೋಚನೆ ಇದ್ದು ಸಿಕ್ಕಿದ್ದು ಟಿಎಕ್ಸ್ ಅಥವಾ ವಿಎಕ್ಸ್ ಆದರೆ 64 ಹಾಕಿ ಸುಮ್ಮನಾಗಿ. ಎಚ್‌ಎಕ್ಸ್ ಸಿಕ್ಕಿದರೆ ಕ್ಯಾಶ್ ಚಿಪ್‌ಗಳ ಪಕ್ಕದಲ್ಲಿ ಎರಡನೆಯ ಟ್ಯಾಗ್ ಚಿಪ್‌ಗೆ ಖಾಲಿ ಸಾಕೆಟ್ ಇದೆಯಾ ನೋಡಿ. ಇದ್ದರೆ ಅಂಗಡಿಯವರ ಮುಂದೆ ಮುಖದಲ್ಲಿ ಏನೂ ತೋರಿಸಬೇಡಿ, ರೇಟ್ ಏರಿಬಿಡುತ್ತದೆ.